ಬಯಾಸ್‌ನಲ್ಲೂ ಕಾಣದ ಡಿವಿಡಿ ಡ್ರೈವ್: ಬೋರ್ಡ್ ಬದಲಿಸದೆ ಸರಿಪಡಿಸಿದ ನನ್ನ ಅನುಭವ

ಲ್ಯಾಪ್‌ಟಾಪ್‌ನಲ್ಲಿ ಡಿವಿಡಿ ಡ್ರೈವ್ ಕಾಣಿಸದಿದ್ದರೆ ಮಂಡ್ಯದ ರಿಪೇರಿ ಅಂಗಡಿಗಳಲ್ಲಿ ಕೇಳಿಬರುವ ಸಲಹೆ ಎರಡೇ: ಡ್ರೈವ್ ಬದಲಿಸಿ, ಇಲ್ಲವೇ ಅದನ್ನು ತೆಗೆದು ಕ್ಯಾಡಿಯಲ್ಲಿ (ಡ್ರೈವ್‌ನ ಜಾಗದಲ್ಲಿ ಕೂರುವ ಚೌಕಟ್ಟು) ಎಸ್‌ಎಸ್‌ಡಿ ಹಾಕಿಸಿ. ಪಾಂಡವಪುರದ ಕಡೆಯ ಮದುವೆ ವಿಡಿಯೊಗ್ರಾಫರ್ ಒಬ್ಬರ ಲ್ಯಾಪ್‌ಟಾಪ್‌ಗೆ ಈ ಎರಡೂ ಸಲಹೆಗಳು ನಾಟಲಿಲ್ಲ. ಮದರ್‌ಬೋರ್ಡ್ ಹೋಗಿದೆ ಎಂದು ಇತರರು ಕೈಬಿಟ್ಟಿದ್ದ ಆ ಯಂತ್ರ ನನ್ನ ಮೇಜಿನ ಮೇಲೆ ಸರಿಹೋಯಿತು.

ನನ್ನಲ್ಲಿಗೆ ಬರುವ ಮುನ್ನ ಅವರು ವಿಂಡೋಸ್ ಹೊಸದಾಗಿ ಹಾಕಿಸಲು ಸುಮಾರು 500 ರೂಪಾಯಿ ತೆತ್ತಿದ್ದರು. ವಿಂಡೋಸ್‌ನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಎಂಬ ನಮೂದುಗಳನ್ನು ಅಳಿಸಿದ್ದೂ ಆಗಿತ್ತು, ಅದರಲ್ಲೇ ಎಟಿಎಪಿಐ ಎಂಬ ಡ್ರೈವರ್‌ನ ಅಡಿಯಲ್ಲಿ ಕಂಟ್ರೋಲರ್0 ಎಂಬ ಕೀಲಿ ಸೇರಿಸಿ ಎನಮ್‌ಡಿವೈಸ್1ಕ್ಕೆ 1 ಎಂಬ ಮೌಲ್ಯ ಕೊಟ್ಟಿದ್ದೂ ಆಗಿತ್ತು. ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲೇ ಯಂತ್ರದ ಭಾಗಗಳನ್ನು ಗುರುತಿಸುವ ತಂತ್ರಾಂಶದಲ್ಲಿ, ಡ್ರೈವ್ ಕಾಣಿಸಿ ವಿಂಡೋಸ್‌ನಲ್ಲಿ ಮಾತ್ರ ಮರೆಯಾಗಿದ್ದರೆ ಈ ಉಪಾಯಗಳು ಹಲವು ಬಾರಿ ಕೆಲಸಕ್ಕೆ ಬರುತ್ತವೆ. ಇಲ್ಲಿ ಬಯಾಸ್‌ನಲ್ಲೇ ಡ್ರೈವ್‌ನ ಸುಳಿವಿರಲಿಲ್ಲ, ಎಜೆಕ್ಟ್ ಗುಂಡಿ ಒತ್ತಿದರೆ ದೀಪವೂ ಹೊತ್ತುತ್ತಿರಲಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅದೇ 12.7 ಮಿ.ಮೀ. ದಪ್ಪದ ಹಳೆಯ ಡ್ರೈವ್ ಒಂದನ್ನು 700 ರೂಪಾಯಿಯ ಆಸುಪಾಸಿನಲ್ಲಿ ತರಿಸಿದೆ, ಅದೂ ಕಾಣಿಸಲಿಲ್ಲ. ಸುಮಾರು 400 ರೂಪಾಯಿಯ ಯುಎಸ್‌ಬಿ ಕೇಸ್‌ನಲ್ಲಿ ಕೂರಿಸಿದಾಗ ಮಾತ್ರ ಎರಡು ಡ್ರೈವ್‌ಗಳೂ ಡಿಸ್ಕನ್ನು ಸಲೀಸಾಗಿ ಓದಿದವು. ಅಂಗಡಿಯಲ್ಲಿದ್ದ ಕ್ಯಾಡಿಗೆ ಎಸ್‌ಎಸ್‌ಡಿ ಹಾಕಿ ಡ್ರೈವ್‌ನ ಜಾಗದಲ್ಲಿ ತೂರಿಸಿದರೆ ಅದೂ ಕಾಣಿಸದೆ ಉಳಿದಾಗ, ದೋಷ ಲ್ಯಾಪ್‌ಟಾಪ್ ಕಡೆಯದು ಎಂಬುದು ಖಚಿತವಾಯಿತು.

ಈ ಹಂತದಲ್ಲಿ ಹೆಚ್ಚಿನವರು ಡ್ರೈವ್ ಸೇರುವ ಬೋರ್ಡ್‌ನ ಸಾಟಾ ಪೋರ್ಟ್ ಸತ್ತಿದೆ ಎಂದು ಮುಚ್ಚಳ ಹಾಕಿಬಿಡುತ್ತಾರೆ. ನಾನು ಮಲ್ಟಿಮೀಟರ್ ಹಿಡಿದೆ. ಲ್ಯಾಪ್‌ಟಾಪ್ ಡಿವಿಡಿ ಡ್ರೈವ್‌ನ ಸ್ಲಿಮ್‌ಲೈನ್ ಸಾಟಾ ಕನೆಕ್ಟರ್‌ನ 13 ಪಿನ್‌ಗಳಲ್ಲಿ ವಿದ್ಯುತ್ತಿಗೆ ಮೀಸಲಾದ ಆರರ ಪೈಕಿ ಎರಡನೆಯ ಮತ್ತು ಮೂರನೆಯ ಪಿನ್‌ಗಳಲ್ಲಿ 5 ವೋಲ್ಟ್ ಇರಬೇಕಿತ್ತು, ಒಂದರಲ್ಲೂ ಇರಲಿಲ್ಲ. ಬೋರ್ಡ್‌ನಲ್ಲಿ ಡ್ರೈವ್‌ಗೆ ವಿದ್ಯುತ್ ಬಿಡುವ ಲೋಡ್ ಸ್ವಿಚ್‌ನ ಹಿಂದಿನವರೆಗೂ ಆ 5 ವೋಲ್ಟ್ ಬಂದು ನಿಂತಿತ್ತು. ಹಾಗಾದರೆ ಸ್ವಿಚ್ ಏಕೆ ಆನ್ ಆಗುತ್ತಿಲ್ಲ? ನಮ್ಮಲ್ಲಿ ಹಲವರು ಗಮನಿಸದ ಮೊದಲನೆಯ ಪಿನ್‌ನಲ್ಲಿ ಅದಕ್ಕೆ ಉತ್ತರವಿತ್ತು. ಡ್ರೈವ್ ಇದೆ ಎಂದು ಬೋರ್ಡ್‌ಗೆ ತಿಳಿಸುವ ಈ ಪಿನ್ ಡ್ರೈವ್‌ನೊಳಗೆ ಸುಮಾರು 1 ಕಿಲೋಓಮ್ ರೆಸಿಸ್ಟರ್ ಮೂಲಕ ಗ್ರೌಂಡ್‌ಗೆ ಸೇರಿರುತ್ತದೆ, ಮತ್ತು ಕೆಲವು ಲ್ಯಾಪ್‌ಟಾಪ್‌ಗಳು ಆ ಸಂಕೇತ ಸಿಗುವವರೆಗೂ ವಿದ್ಯುತ್ತನ್ನೇ ಬಿಡುವುದಿಲ್ಲ. ಡ್ರೈವ್‌ನ ಕನೆಕ್ಟರನ್ನು ಬೋರ್ಡ್‌ಗೆ ಜೋಡಿಸುವ ರಿಬ್ಬನ್ ಕೇಬಲ್ ಬಿಚ್ಚಿ, ಬೋರ್ಡ್ ಕಡೆಯ ಆ ಗೆರೆಯನ್ನು 1 ಕಿಲೋಓಮ್ ಮೂಲಕ ಗ್ರೌಂಡ್‌ಗೆ ಮುಟ್ಟಿಸಿದ ಕೂಡಲೇ ಲೋಡ್ ಸ್ವಿಚ್‌ನ ಆಚೆ 5 ವೋಲ್ಟ್ ಬಂದಿತು. ಬೋರ್ಡ್ ಹೋಗಿದೆ ಎಂದವರಲ್ಲಿ ಒಬ್ಬರನ್ನು ಕರೆಸಿ ಇದನ್ನು ತೋರಿಸಿದೆ.

ರಿಬ್ಬನ್ನಿನ ತುದಿ ಕಪ್ಪಾಗಿತ್ತು. ಲ್ಯಾಪ್‌ಟಾಪ್ ಇರುತ್ತಿದ್ದ ಕೋಣೆ ಗಿರಾಕಿಯ ಮನೆಯ ಆಲೆಮನೆಗೆ ಅಂಟಿಕೊಂಡಿದ್ದರಿಂದ ಹೊಗೆಯ ಮಸಿ ಮತ್ತು ತೇವ ಸೇರಿ ಹೀಗಾಗಿದೆ ಎಂಬುದು ನನ್ನ ತೀರ್ಮಾನ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೂ ಮೊದಲ ಗೆರೆ ಮಡಿಕೆಯ ಬಳಿ ತುಂಡಾಗಿಯೇ ಇತ್ತು. ಗುಜರಿಗೆ ಹೋಗಿದ್ದ ಅದೇ ಮಾದರಿಯ ಲ್ಯಾಪ್‌ಟಾಪ್‌ನಿಂದ ಇನ್ನೊಂದು ರಿಬ್ಬನ್ ತಂದೆ, 150 ರೂಪಾಯಿ ಕೊಟ್ಟ ನೆನಪು. ತುಕ್ಕು ಹಿಡಿದ ಕನೆಕ್ಟರ್‌ನ ಚಿಲಕವನ್ನು ಮುರಿಯದೆ ಎತ್ತುವ ಒಂದು ಉಪಾಯ ನನ್ನಲ್ಲಿದೆ. ನಮ್ಮ ಹೊಟ್ಟೆಪಾಡು ಅಂಥ ಕೆಲಸಗಳಲ್ಲೇ ಇರುವುದರಿಂದ ಅದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ.

ಆ ರಿಬ್ಬನ್ ಹಾಕಿದ ಮೇಲೆ ಬಯಾಸ್‌ನಲ್ಲಿ ಡ್ರೈವ್ ಕಾಣಿಸಿತು, ಆದರೆ ಡಿಸ್ಕ್ ಹಾಕಿದೊಡನೆ ಮತ್ತೆ ಮಾಯವಾಯಿತು. ಮೋಟಾರ್ ತಿರುಗಲು ಆರಂಭಿಸುವಾಗ ಈ ಡ್ರೈವ್‌ಗಳು 1 ಆಂಪಿಯರ್‌ಗಿಂತ ಹೆಚ್ಚು ಎಳೆಯಬಲ್ಲವು; ಆ ಕ್ಷಣದಲ್ಲಿ 5 ವೋಲ್ಟ್ 4.3ರವರೆಗೆ ಕುಸಿಯುತ್ತಿತ್ತು. ಡ್ರೈವ್ ಸಿಕ್ಕಿಸುವ ಚಿಕ್ಕ ಕನೆಕ್ಟರ್ ಬೋರ್ಡ್‌ನ ವಿದ್ಯುತ್ ಪಿನ್‌ಗಳಿಗೆ ಫ್ಲಕ್ಸ್ ಹಚ್ಚಿ ಹೊಸದಾಗಿ ಬೆಸುಗೆ ಹಾಕಿದ ಮೇಲೆ ಅದು 4.9ರ ಹತ್ತಿರ ಗಟ್ಟಿಯಾಗಿ ನಿಂತಿತು.

ಇದೇ ಸಂದರ್ಭದಲ್ಲಿ ಗುಜರಿಯ ಕೆಲವು ಡ್ರೈವ್‌ಗಳನ್ನೂ ಯುಎಸ್‌ಬಿ ಕೇಸ್‌ನಲ್ಲಿ ಓಡಿಸಿ ನೋಡಿದೆ. ಒಂದು ಡ್ರೈವ್ ಸಿಡಿ ಓದುತ್ತಿತ್ತು, ಡಿವಿಡಿ ಓದುತ್ತಿರಲಿಲ್ಲ. ಸಿಡಿಗೆ 780 ನ್ಯಾನೋಮೀಟರ್, ಡಿವಿಡಿಗೆ 650 ನ್ಯಾನೋಮೀಟರ್ ಲೇಸರ್ ಬೇಕಿರುವುದರಿಂದ ಒಂದು ಸತ್ತು ಇನ್ನೊಂದು ಉಳಿಯಬಹುದು. ಅಂಥ ಡ್ರೈವ್ ಬಯಾಸ್‌ನಲ್ಲೇನೋ ಚೆನ್ನಾಗಿಯೇ ಕಾಣಿಸುತ್ತದೆ. ಆದ್ದರಿಂದ ಕಾಣಿಸದ ಡ್ರೈವ್‌ನ ಲೆನ್ಸ್ ಒರೆಸುತ್ತ ಕೂರುವುದು ವ್ಯರ್ಥ.

ಗಿರಾಕಿಯಿಂದ 1,200 ರೂಪಾಯಿ ಪಡೆದೆ. ಅವರು ಹಳೆಯ ಮದುವೆಗಳ ಡಿಸ್ಕುಗಳನ್ನೆಲ್ಲ ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಂಡರು. ನಾನು ಕೊಂಡಿದ್ದ ಡ್ರೈವ್ ಮತ್ತು ಯುಎಸ್‌ಬಿ ಕೇಸ್ ಪರೀಕ್ಷೆಗೆಂದು ಅಂಗಡಿಯಲ್ಲೇ ಉಳಿದವು. ಆ ಬಳಿಕ ಇದೇ ದೂರಿನೊಂದಿಗೆ ಬಂದ ಯಂತ್ರಗಳಲ್ಲಿ ಹೆಚ್ಚಿನವು ರಿಬ್ಬನ್ನಿನಲ್ಲೇ ಸರಿಹೋಗಿವೆ. ಲೋಡ್ ಸ್ವಿಚ್ಚೇ ಸುಟ್ಟಿದ್ದ ಒಂದರಲ್ಲಿ ಆ ಸ್ವಿಚ್ಚಿನ ಕೆಲಸ ಮಾಡುವ, ಹತ್ತಿಪ್ಪತ್ತು ರೂಪಾಯಿಯ ಮಾಸ್‌ಫೆಟ್ ಎಂಬ ಬಿಡಿಭಾಗ ಬದಲಿಸಿ 900 ರೂಪಾಯಿ ತೆಗೆದುಕೊಂಡೆ.