ಎಕ್ಸ್201 ಲ್ಯಾಪ್‌ಟಾಪ್‌ಗೆ ಯುಎಸ್‌ಬಿ 3 ಹಾಕಿದ್ದು: ಹೊರಗಿನಿಂದ 5 ವೋಲ್ಟ್ ಕೊಟ್ಟ ಮೇಲೆ ಸರಿಯಾಗಿ ಓಡಿತು

"ಅಷ್ಟು ಹಳೇ ಮಷಿನ್‌ಗೆ ದುಡ್ಡು ಹಾಕಬೇಡ, ಎಕ್ಸ್‌ಪ್ರೆಸ್‌ಕಾರ್ಡ್‌ನಲ್ಲಿ ಯುಎಸ್‌ಬಿ 3 ನಿಲ್ಲಲ್ಲ" ಅಂತ ಫೋಟೊಗ್ರಾಫರ್ ಗೆಳೆಯರು ಮೂರ್ನಾಲ್ಕು ಜನ ಹೇಳಿದ್ದರು. ಆದರೆ ಸರಿಯಾಗೇ ಓಡುತ್ತಿದೆ. ಎಕ್ಸ್‌ಪ್ರೆಸ್‌ಕಾರ್ಡ್ ಅಂದರೆ ಲ್ಯಾಪ್‌ಟಾಪಿನ ಪಕ್ಕದ ಸ್ಲಾಟ್‌ಗೆ ತೂರಿಸುವ ಕಾರ್ಡ್; ನಾನು ಹಾಕಿದ್ದು ಯುಎಸ್‌ಬಿ 3 ಪೋರ್ಟ್ ಕೊಡುವ ಅಂಥದ್ದು. ಮಷಿನ್ 2010ರ ಥಿಂಕ್‌ಪ್ಯಾಡ್ ಎಕ್ಸ್201, ಕೋರ್ ಐ5, 8 ಜಿಬಿ ರ‍್ಯಾಮ್, ಒಳಗೆ ಸಾಟಾ ಎಸ್‌ಎಸ್‌ಡಿ, ಲಿನಕ್ಸ್. ಎರಡು ಮದುವೆ ಸೀಸನ್‌ನ ಬ್ಯಾಕಪ್ ಪೂರ್ತಿ ಇದರಲ್ಲೇ ಆಗಿದೆ, ಒಂದು ರಾ ಫೈಲೂ (ಕ್ಯಾಮೆರಾದ ಮೂಲ ಫೈಲ್) ಕೆಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಷ್ಟು ಹೊತ್ತು ಹಿಡಿಯುತ್ತಿತ್ತು ಅಂತ ಹೇಳಿಬಿಡುತ್ತೇನೆ. ಒಂದು ಮದುವೆಗೆ 64 ಜಿಬಿಯ ಎರಡು ಕ್ಯಾಮೆರಾ ಕಾರ್ಡ್ ತುಂಬುತ್ತವೆ. ಯುಎಸ್‌ಬಿ 2 ಪೋರ್ಟ್ ಸೆಕೆಂಡಿಗೆ 32 ಎಂಬಿ ಆಸುಪಾಸು ಕೊಡುತ್ತದೆ. ಕಾರ್ಡಿನಿಂದ ಒಳಗಿನ ಡಿಸ್ಕಿಗೆ ಒಂದು ಗಂಟೆ ಮೇಲೆ, ಅಲ್ಲಿಂದ ಹೊರಗಿನ ಎರಡು ಡಿಸ್ಕಿಗೆ ಮತ್ತೆ ಒಂದೊಂದು ಗಂಟೆ ಮೇಲೆ. ಒಟ್ಟು ಮೂರು ಗಂಟೆ ದಾಟುತ್ತಿತ್ತು. ಈಗ ಎಲ್ಲ ಸೇರಿ ಒಂದು ಗಂಟೆಯೊಳಗೆ ಮುಗಿಯುತ್ತದೆ.

ಮೊದಲು ತಂದದ್ದು 700 ರೂಪಾಯಿಯ ಎಕ್ಸ್‌ಪ್ರೆಸ್‌ಕಾರ್ಡ್. ಪೆನ್‌ಡ್ರೈವ್ ಹಾಕಿದರೆ ಓಡುತ್ತಿತ್ತು, 2.5 ಇಂಚಿನ ಹಾರ್ಡ್‌ಡಿಸ್ಕ್ ಹಾಕಿದರೆ ಟಿಕ್ ಟಿಕ್ ಸದ್ದು ಮಾಡಿ ಮಲಗುತ್ತಿತ್ತು. ಡ್ರೈವರ್ ತೊಂದರೆ ಅಂದುಕೊಂಡು ಎರಡು ದಿನ ಕಳೆದೆ. ಡ್ರೈವರ್ ಸರಿಯಾಗೇ ಇತ್ತು, ಕಡಿಮೆ ಬಿದ್ದದ್ದು ಕರೆಂಟು. ಎಕ್ಸ್‌ಪ್ರೆಸ್‌ಕಾರ್ಡ್ ಸ್ಲಾಟ್‌ನಲ್ಲಿ 5 ವೋಲ್ಟ್ ಲೈನೇ ಇಲ್ಲ. 3.3 ವೋಲ್ಟ್ ಮತ್ತು 1.5 ವೋಲ್ಟ್ ಮಾತ್ರ. 3.3ರಲ್ಲಿ ಸುಮಾರು 1 ಆಂಪ್ ಎಳೆಯಬಹುದು, ಅಂದರೆ 3.3 ವಾಟ್. ಅದನ್ನು ಕಾರ್ಡಿನೊಳಗೆ 5 ವೋಲ್ಟಿಗೆ ಏರಿಸುವಾಗ ಒಂದಿಷ್ಟು ಸೋರಿ, ಕೈಗೆ ಸಿಗುವುದು ಐನೂರು ಚಿಲ್ಲರೆ ಮಿಲಿಆಂಪ್. ಅದರಲ್ಲಿ ಚಿಪ್ಪಿನ ಪಾಲೂ ಹೋಗಬೇಕು. ಹಾರ್ಡ್‌ಡಿಸ್ಕ್ ತಿರುಗಲು ಶುರುಮಾಡುವ ಹೊತ್ತಿಗೆ ಒಂದು ಆಂಪ್ ಹತ್ತಿರ ಬೇಡುತ್ತದೆ. ಎಲ್ಲಿಂದ ಬರಬೇಕು?

ಆದ್ದರಿಂದ ಪಕ್ಕದಲ್ಲಿ ಡಿಸಿ ಜಾಕ್ ಇರುವ ಕಾರ್ಡನ್ನೇ ಕೊಳ್ಳಿ. ನಾನು 5 ವೋಲ್ಟ್ 2 ಆಂಪ್ ಅಡಾಪ್ಟರ್ ಕೊಟ್ಟೆ, ಟಿಕ್ ಟಿಕ್ ಅವತ್ತೇ ನಿಂತಿತು. ಜಾಕಿನ ಪಿನ್ ಅಳತೆ ಕಾರ್ಡಿಗೊಂದು ತರಹ, ಕಾರ್ಡನ್ನು ಅಂಗಡಿಗೆ ಒಯ್ದು ಹೊಂದಿಸಿ ತನ್ನಿ. ಚುಚ್ಚುವ ಮೊದಲು ಮಲ್ಟಿಮೀಟರ್ ಇಟ್ಟು ನಡುಪಿನ್ ಪ್ಲಸ್ಸೋ ಮೈನಸ್ಸೋ, ವೋಲ್ಟೇಜ್ 5 ಹೌದೋ ಅಲ್ಲವೋ ನೋಡಲೇಬೇಕು. ರೌಟರಿನ 12 ವೋಲ್ಟ್ ಅಡಾಪ್ಟರಿನ ಪಿನ್ ಒಂದು ಕಾರ್ಡಿಗೆ ಸಲೀಸಾಗಿ ಕೂತಿತು, ಕಾರ್ಡ್ ಹೋಯಿತು. ಅದೃಷ್ಟಕ್ಕೆ ಮದರ್‌ಬೋರ್ಡ್ ಉಳಿಯಿತು. ಹೊರಗೆ ಶೂಟ್‌ಗೆ ಹೋದಾಗ ಅಡಾಪ್ಟರ್ ಬದಲು ಪವರ್‌ಬ್ಯಾಂಕಿನಿಂದ ಯುಎಸ್‌ಬಿ-ಡಿಸಿ ಕೇಬಲ್ ಎಳೆಯುತ್ತೇನೆ. ಲ್ಯಾಪ್‌ಟಾಪ್‌ನದ್ದೇ ಯುಎಸ್‌ಬಿ 2 ಪೋರ್ಟ್‌ನಿಂದ ಎಳೆದರೆ ಎಸ್‌ಎಸ್‌ಡಿಗೆ ಸಾಕು, ಹಾರ್ಡ್‌ಡಿಸ್ಕಿಗೆ ನಂಬಬೇಡಿ.

ಕೊನೆಗೆ ಉಳಿದ ಕಾರ್ಡ್ 1,300 ರೂಪಾಯಿ ಚಿಲ್ಲರೆ. ಇದರಲ್ಲಿ ರೆನೆಸಾಸ್ 720202 ಚಿಪ್ ಇದೆ. ಲಿನಕ್ಸ್ ತೋರಿಸುವ ಪಿಸಿಐ ಸಾಧನಗಳ ಪಟ್ಟಿಯಲ್ಲಿ 1912:0015 ಅಂತ ಕಂಡರೆ ಅದೇ. ಈ ಚಿಪ್ಪಿಗೆ ಫರ್ಮ್‌ವೇರ್ (ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್) ಬೇಕು, ಅದನ್ನು ಇಟ್ಟುಕೊಳ್ಳುವ ಎಂಟು ಕಾಲಿನ ಸಣ್ಣ ರೋಮ್ (ROM) ಚಿಪ್ಪಿನ ಪಕ್ಕದಲ್ಲೇ ಇರುವ ಕಾರ್ಡ್ ಆದರೆ ತಲೆನೋವಿಲ್ಲ. ಅದಿಲ್ಲದ ಕಾರ್ಡಿಗೆ ಪ್ರತಿ ಬೂಟ್‌ನಲ್ಲೂ ಡ್ರೈವರ್ರೇ ಫರ್ಮ್‌ವೇರ್ ತುಂಬಬೇಕು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಕ್ಕಿತು. ಯಾವ ಅಂಗಡಿ ಅನ್ನುವುದು ನನ್ನ ಹತ್ತಿರವೇ ಇರಲಿ, ಅವರ ಬಳಿ ಉಳಿದಿರುವುದೇ ಬೆರಳೆಣಿಕೆ.

ಇಷ್ಟಾದರೂ ಕಾಪಿ ನಡುವೆ ಡಿಸ್ಕ್ ಮಾಯವಾಗುವುದು ನಿಲ್ಲಲಿಲ್ಲ. ಎಕ್ಸ್201ರ ಸ್ಲಾಟ್ 54 ಮಿ.ಮೀ. ಅಗಲ, ಮಾರುಕಟ್ಟೆಯಲ್ಲಿ ಸಿಗುವ ಕಾರ್ಡ್‌ಗಳೆಲ್ಲ ಹೆಚ್ಚುಕಡಿಮೆ 34ರವು. ಪಕ್ಕಕ್ಕೆ 20 ಮಿ.ಮೀ. ಖಾಲಿ ಉಳಿಯುತ್ತದೆ. ಕೇಬಲ್ ಸ್ವಲ್ಪ ಜಗ್ಗಿದರೆ ಕಾರ್ಡ್ ಓರೆಯಾಗಿ ಹಿಂದಿನ ಕನೆಕ್ಟರ್ ಅರೆಕ್ಷಣ ಬಿಡುತ್ತದೆ, ಅಷ್ಟಕ್ಕೇ ಡಿಸ್ಕಿನ ಫೈಲ್‌ಸಿಸ್ಟಮ್ ರೀಡ್-ಓನ್ಲಿ (ಓದಬಹುದು, ಬರೆಯಲಾಗದು) ಆಗುತ್ತದೆ. ಇದಕ್ಕೆ ಅವಧಿ ಮುಗಿದ ಎಟಿಎಂ ಕಾರ್ಡ್‌ಗಳೇ ಮದ್ದು. ಒಂದರ ದಪ್ಪ 0.76 ಮಿ.ಮೀ., ಸ್ಲಾಟಿನ ಕಾರ್ಡ್ 5 ಮಿ.ಮೀ. 20 ಮಿ.ಮೀ. ಅಗಲದ ಆರು ಪಟ್ಟಿ ಕತ್ತರಿಸಿ ಅಂಟಿಸಿದರೆ ಸುಮಾರು 4.6 ಆಗುತ್ತದೆ, ಮೇಲೊಂದು ಸುತ್ತು ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯುವ ಟೇಪ್). ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ. ಪಟ್ಟಿ 40 ಮಿ.ಮೀ.ಗಿಂತ ಉದ್ದ ಬೇಡ, ಒಳಗಿನ ಸ್ಪ್ರಿಂಗ್ ಗೈಡ್‌ಗೆ ತಾಗಿದರೆ ಕಾರ್ಡ್ ಪೂರ್ತಿ ಕೂರುವುದಿಲ್ಲ. ಈ ಪಟ್ಟಿ ಕೂರಿಸಿದ ಮೇಲೆ ಲಾಗ್‌ನಲ್ಲಿ ಒಂದೂ ಡಿಸ್ಕನೆಕ್ಟ್ ಕಂಡಿಲ್ಲ.

ಇನ್ನು ವೇಗ. ಸ್ಲಾಟನ್ನು ಮಷಿನ್‌ಗೆ ಜೋಡಿಸುವ ದಾರಿ, ಅಂದರೆ ಈ ಚಿಪ್‌ಸೆಟ್‌ನ ಪಿಸಿಐ ಎಕ್ಸ್‌ಪ್ರೆಸ್ ಲೇನ್, ಸೆಕೆಂಡಿಗೆ 2.5 ಗಿಗಾ ಟ್ರಾನ್ಸ್‌ಫರ್‌ನಲ್ಲೇ ಓಡುತ್ತದೆ, ಲೆಕ್ಕದಲ್ಲಿ ಸೆಕೆಂಡಿಗೆ 250 ಎಂಬಿ, ನನಗೆ ಸಿಕ್ಕಿದ್ದು 170ರಿಂದ 185. "ಯುಎಸ್‌ಬಿ 3ರ ಅರ್ಧ ವೇಗ, ವೇಸ್ಟ್" ಅನ್ನುವವರಿಗೆ ಒಂದು ಮಾತು: ಯುಎಚ್‌ಎಸ್-1 (ಎಸ್‌ಡಿ ಕಾರ್ಡಿನ ಒಂದು ವೇಗದ ಮಟ್ಟ) ಮಾನದಂಡದ ಮಿತಿಯೇ 104 ಎಂಬಿ, ನನ್ನವು 85ರಿಂದ 90 ಓದುತ್ತವೆ. ಲೇನ್ ಎರಡು ದಿಕ್ಕಿಗೂ ಬೇರೆ ಬೇರೆ ಜೋಡಿ ತಂತಿಯಲ್ಲಿ ಓಡುವುದರಿಂದ ಕಾರ್ಡ್ ರೀಡರ್‌ನಿಂದ ಓದುತ್ತಲೇ ಪಕ್ಕದ ಪೋರ್ಟ್‌ನ ಎಸ್‌ಎಸ್‌ಡಿಗೆ ಬರೆದರೂ ವೇಗ ಹೆಚ್ಚೇನೂ ಇಳಿಯಲಿಲ್ಲ. ಇನ್ನೂ ವೇಗದ ಯುಎಚ್‌ಎಸ್-2 ಕಾರ್ಡ್ ಇದ್ದವರಿಗೆ ಮಾತ್ರ ಲೇನ್ ಅಡ್ಡ ಬರುತ್ತದೆ. ಮುಂದಿನ ಥಿಂಕ್‌ಪ್ಯಾಡ್‌ಗಳಾದ ಎಕ್ಸ್220, ಟಿ420 ಇದ್ದರೆ ಅದೇ ಎಕ್ಸ್‌ಪ್ರೆಸ್‌ಕಾರ್ಡ್ ದುಪ್ಪಟ್ಟು ವೇಗದ ಲೇನ್‌ನಲ್ಲಿ ಓಡುತ್ತದೆ.

ಟೈಪ್-ಸಿ ರೀಡರ್‌ಗೆ ಎ-ಗಂಡು, ಸಿ-ಹೆಣ್ಣು ಅಡಾಪ್ಟರ್ 150 ರೂಪಾಯಿಗೆ ತಂದೆ. ಒಮ್ಮೆ 88 ಎಂಬಿ, ಇನ್ನೊಮ್ಮೆ 33. ಸಿ ಪ್ಲಗ್ಗನ್ನು ತಿರುಗಿಸಿ ಹಾಕಿದಾಗ ಗುಟ್ಟು ಗೊತ್ತಾಯಿತು: ಅಗ್ಗದ ಅಡಾಪ್ಟರಿನಲ್ಲಿ ವೇಗದ ಜೋಡಿ ಒಂದು ಬದಿಗೆ ಮಾತ್ರ ಇರುತ್ತದೆ, ಮಗುಚಿದರೆ ಯುಎಸ್‌ಬಿ 2. ವೇಗ ಬಂದ ಬದಿಗೆ ವೈಟ್‌ನರ್ ಚುಕ್ಕೆ ಇಟ್ಟೆ. ನೇರ ಎ-ಸಿ ಕೇಬಲ್ ಆದರೆ ಈ ಗೋಳಿಲ್ಲ. ಎ ಪ್ಲಗ್ಗನ್ನೂ ಮೆಲ್ಲಗೆ ತಳ್ಳಬೇಡಿ, ಮುಂದಿನ ನಾಲ್ಕು ಪಿನ್ ಮೊದಲು ತಾಗಿ ಡಿಸ್ಕ್ ಯುಎಸ್‌ಬಿ 2ರಲ್ಲೇ ಉಳಿದುಬಿಡುತ್ತದೆ. ಒಂದೇ ಸಲಕ್ಕೆ ಒತ್ತಿ, ಲಿನಕ್ಸ್‌ನ lsusb -t ಆಜ್ಞೆ ತೋರಿಸುವ ಪಟ್ಟಿಯಲ್ಲಿ 5000ಎಂ (ಯುಎಸ್‌ಬಿ 3) ಇದೆಯೋ 480ಎಂ (ಯುಎಸ್‌ಬಿ 2) ಇದೆಯೋ ನೋಡಿ.

ನಡುವೆ ಗಿಗಾಬಿಟ್ ಈಥರ್‌ನೆಟ್‌ನಲ್ಲಿ ಮನೆಯ ಡೆಸ್ಕ್‌ಟಾಪ್‌ಗೆ ಕಳಿಸಿಯೂ ನೋಡಿದೆ: 105 ಎಂಬಿ ಚಿಲ್ಲರೆ, ಒಂದು ರೂಪಾಯಿ ಖರ್ಚಿಲ್ಲ. ಮನೆಯಲ್ಲೇ ಕೆಲಸ ಮುಗಿಸುವವರಿಗೆ ಅದೇ ಸಾಕು. ಆದರೆ ಕಾರ್ಡ್ ಓದುವ ನಿಧಾನ ಅದರಿಂದ ಕಡಿಮೆಯಾಗುವುದಿಲ್ಲ, ಛತ್ರದಲ್ಲಿ ಡೆಸ್ಕ್‌ಟಾಪ್ ಇರುವುದಿಲ್ಲ.

ಸಾಫ್ಟ್‌ವೇರ್ ಕಡೆ ಮೂರು ಮಾತು. ಎಕ್ಸ್‌ಪ್ರೆಸ್‌ಕಾರ್ಡ್ ಹಾಕಿಯೇ ಬೂಟ್ ಮಾಡಿ, ಮುಚ್ಚಳ ಮುಚ್ಚಿದರೆ ನಿದ್ದೆಗೆ ಹೋಗದಂತೆ ಇಡಿ, ಎದ್ದ ಮೇಲೆ ಕಂಟ್ರೋಲರ್ ಸತ್ತಿರುವುದು ನನಗೆ ಎರಡು ಸಲ ಆಗಿದೆ. ಎಸ್‌ಎಸ್‌ಡಿ ಎನ್‌ಕ್ಲೋಷರ್ (ಹೊರಡಬ್ಬಿ) ದೊಡ್ಡ ಕಾಪಿಯಲ್ಲಿ ರೀಸೆಟ್ ಆಗುತ್ತಿದ್ದರೆ ಲಿನಕ್ಸ್ ಡ್ರೈವರಿನ ಯುಎಸ್‌ಬಿ-ಸ್ಟೋರೇಜ್ ಕ್ವಿರ್ಕ್ಸ್ (usb-storage quirks) ಸೆಟ್ಟಿಂಗ್‌ನಲ್ಲಿ ಅದರ ಐಡಿ ಕೊಟ್ಟು ಕೊನೆಗೆ 'ಯು' (u) ಸೇರಿಸಿ, ಯುಎಎಸ್ ಅನ್ನುವ ವೇಗದ ಡಿಸ್ಕ್ ವಿಧಾನ ಬಂದ್ ಆಗುತ್ತದೆ. ವೇಗ ಹತ್ತೋ ಹದಿನೈದೋ ಎಂಬಿ ಇಳಿಯಿತು, ರೀಸೆಟ್ ನಿಂತಿತು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಕಾಪಿ ಮುಗಿದ ಕೂಡಲೇ ಚೆಕ್‌ಸಮ್ (ಎರಡು ಫೈಲ್ ಒಂದೇನಾ ಅಂತ ತಾಳೆ ನೋಡುವ ಲೆಕ್ಕ) ಹಾಕಿದರೆ ಕೊನೆಗೆ ಕಾಪಿಯಾದ ಫೈಲ್‌ಗಳನ್ನು ಅದು ಡಿಸ್ಕಿನಿಂದ ಓದದೆ, ರ‍್ಯಾಮ್‌ನಲ್ಲಿ ಉಳಿದಿರುವ ಪ್ರತಿಯನ್ನೇ ಓದಿ "ಸರಿ" ಅನ್ನಬಹುದು. ಅನ್‌ಮೌಂಟ್ ಮಾಡಿ, ಕೇಬಲ್ ತೆಗೆದು, ಮತ್ತೆ ಹಾಕಿ ಆಮೇಲೆ ತಾಳೆ ನೋಡಿ. ಅಲ್ಲಿಯವರೆಗೆ ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಮಾಡುವ ಮಾತೇ ಬೇಡ. ಒಂದೇ ಓದಿನಲ್ಲಿ ಎರಡು ಡಿಸ್ಕಿಗೂ ಬರೆದು ತಾಳೆ ನೋಡುವ ಸ್ಕ್ರಿಪ್ಟ್ ಒಂದು ಬರೆದುಕೊಂಡಿದ್ದೇನೆ, ಅದನ್ನು ಸದ್ಯಕ್ಕೆ ಹಂಚುವುದಿಲ್ಲ.

ಖರ್ಚು ನೆನಪಿನಿಂದ: ಕೆಟ್ಟ ಕಾರ್ಡ್ 700, ಸುಟ್ಟದ್ದು 900, ಉಳಿದದ್ದು 1,300, ಅಡಾಪ್ಟರ್ ಮತ್ತು ಕೇಬಲ್ 400, ಸಿ ಅಡಾಪ್ಟರ್ 150, ರೀಡರ್ 800. ಒಟ್ಟು 4,250 ಆಸುಪಾಸು. ದಾರಿ ಗೊತ್ತಿದ್ದು ಮಾಡುವವರಿಗೆ 2,500ರಲ್ಲಿ ಆಗುತ್ತದೆ. ಎರಡು ಗಂಟೆ ಎಡೆಬಿಡದೆ ಓಡಿಸಿದರೆ ಕಾರ್ಡಿನ ಲೋಹದ ಮೈ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ, ಎಡೆ ಎಡೆಯಲ್ಲಿ ಹತ್ತು ನಿಮಿಷ ಬಿಡುತ್ತೇನೆ.