ಮೊದಲ ಲಾಂಗ್‌ಬೋರ್ಡ್: ಕಡಿಮೆ ಬೆಲೆಯಲ್ಲಿ ಆರಿಸುವ ಬಗೆ

ಹೊಸದಾಗಿ ಕಲಿಯುವವರು, ಒಂದೆರಡು ಕಿಲೋಮೀಟರ್ ದೂರದ ಓಡಾಟಕ್ಕೆಂದು ಲಾಂಗ್‌ಬೋರ್ಡ್ (ಉದ್ದ ಹಲಗೆಯ ಸ್ಕೇಟ್‌ಬೋರ್ಡ್) ಕೊಳ್ಳುವಾಗ, ಹಲಗೆಯ ಮೇಲಿನ ಚಿತ್ತಾರಕ್ಕೆ ಮರುಳಾಗದೆ ಮೊದಲು ಗಾಲಿಗಳನ್ನು ನೋಡಬೇಕು. ಸಾಮಾನ್ಯ ಸ್ಕೇಟ್‌ಬೋರ್ಡಿನ 52 ಮಿ.ಮೀ. ಆಸುಪಾಸಿನ ಗಟ್ಟಿ ಗಾಲಿಯು ಸಣ್ಣ ಜಲ್ಲಿಕಲ್ಲು ಸಿಕ್ಕರೂ ತಟ್ಟನೆ ನಿಂತು ಸವಾರನನ್ನು ಮುಗ್ಗರಿಸಿ ಬೀಳಿಸಬಲ್ಲದು, 70 ಮಿ.ಮೀ. ವ್ಯಾಸದ, 78ಎ ಗಡಸುತನದ, ಅಂದರೆ ತುಸು ಮೆದುವಾದ, ಪಾಲಿಯುರೆಥೇನ್ ಗಾಲಿಯಾದರೆ ಬಹುಮಟ್ಟಿಗೆ ಅದನ್ನು ಹತ್ತಿಳಿದು ಸಾಗುತ್ತದೆ.

ಹಲಗೆ 36ರಿಂದ 40 ಇಂಚು ಉದ್ದವಿದ್ದರೆ ಸಾಕು. ಟ್ರಕ್ಕುಗಳನ್ನು (ಗಾಲಿಗಳನ್ನು ಹಲಗೆಗೆ ಜೋಡಿಸುವ ಅಚ್ಚಿನ ಭಾಗಗಳನ್ನು) ಹಲಗೆಯ ಸೀಳಿನೊಳಗಿಂದ ತೂರಿಸಿ ಜೋಡಿಸಿದ ‘ಡ್ರಾಪ್‌ ಥ್ರೂ’ ಮಾದರಿಯು ನೆಲಕ್ಕೆ ಹತ್ತಿರವಿರುವುದರಿಂದ, ಕಾಲಿನಿಂದ ತಳ್ಳುವಾಗ ಮೊಣಕಾಲು ಬೇಗ ಸೋಲುವುದಿಲ್ಲ. ಪ್ಲಾಸ್ಟಿಕ್ ಟ್ರಕ್ಕಿನ ಬೋರ್ಡು ಎಷ್ಟೇ ಅಗ್ಗವಾಗಿದ್ದರೂ ಬೇಡ.

ನನ್ನ ಮಟ್ಟಿಗೆ, ಅಗ್ಗದ ಹೊಸದಕ್ಕಿಂತ ಒಳ್ಳೆಯ ಸೆಕೆಂಡ್‌ಹ್ಯಾಂಡ್ ಬೋರ್ಡೇ ಲೇಸು. ಅದರ ಅಂಚುಗಳ ಮೇಲೆ ಬೆರಳಾಡಿಸಿ, ನೀರು ಕುಡಿದ ಪದರಗಳು ಬಿಟ್ಟುಕೊಂಡಿವೆಯೇ ಎಂದು ಪರೀಕ್ಷಿಸಿ. ಮೇಲೆ ನಿಂತು ಒಂದು ಬದಿಗೆ ವಾಲಿದಾಗ ಗಾಲಿ ಹಲಗೆಗೆ ತಾಗಬಾರದು. ಬೇರಿಂಗ್ ಗರಗರ ಎಂದರೆ ಹೆದರಬೇಕಾಗಿಲ್ಲ, ಅದು ಸುಲಭವಾಗಿ ಸಿಗುವ, 608 ಎಂಬ ಪ್ರಮಾಣಿತ ಅಳತೆಯದು, ಬದಲಾಯಿಸಿಕೊಳ್ಳಬಹುದು. ಬಿರುಕು ಬಿಟ್ಟ ಹಲಗೆಯನ್ನು ಮಾತ್ರ ಅಲ್ಲಿಯೇ ಬಿಟ್ಟು ಬನ್ನಿ. ಹೆಲ್ಮೆಟ್ಟಿನ ಖರ್ಚನ್ನು ಬೋರ್ಡಿನ ಬೆಲೆಯೊಂದಿಗೇ ಲೆಕ್ಕ ಹಾಕಿರಿ.