‘ಇಂಕಸಿನಾತೊ’ ಅನ್ನೋದು ಯಾವಾಗ, ಎಲ್ಲಿ, ಹೇಗೆ?

ಇಟಲಿಗೆ ಓದೋಕೆ ಹೋಗೋರು ಪುಸ್ತಕ ನೋಡಿ ‘ದಿಸೊರ್ದಿನಾತೊ’ ಅಂತ ಕಲ್ತಿರ್ತಾರೆ, ಅಂದ್ರೆ ಅಚ್ಚುಕಟ್ಟಿಲ್ಲದ್ದು. ನಾನೂ ಅದನ್ನೇ ಕಲ್ತು ತೊರಿನೊ (ಟ್ಯೂರಿನ್) ಊರಿಗೆ ಹೋದೆ, ಆದ್ರೆ ರೂಮ್‌ಮೇಟ್‌ಗಳ ಬಾಯಲ್ಲಿ ಬರೀ ‘ಇಂಕಸಿನಾತೊ’, ಅಂದ್ರೆ ರಾಡಿ ಎದ್ದಿರೋದು, ಚೆಲ್ಲಾಪಿಲ್ಲಿ ಆದ ರೂಮಿಗೂ ಅದೇ, ಟ್ರೈನ್ ಸ್ಟ್ರೈಕಿಗೂ ಅದೇ, ಕೈಕೊಟ್ಟ ಲವ್ವಿಗೂ ಅದೇ.

ಮೊದ್ಲು ಬೇರು ಹಿಡೀರಿ. ‘ಕಾಸಾ’ ಮನೆ, ‘ಕಸೀನೊ’ ಪುಟ್ಟ ಮನೆ, ಹಿಂದೆ ಶ್ರೀಮಂತರು ಬೇಟೆಗೆ ಹೋದಾಗ ಉಳ್ಕೊಳ್ತಿದ್ದ ಮನೆಗೂ ಹಾಗೇ ಅಂತಿದ್ರು. ಆಮೇಲೆ ವೇಶ್ಯಾಗೃಹಕ್ಕೆ ಆ ಹೆಸರು ಅಂಟ್ಕೊಂಡು, ಅಲ್ಲಿಂದ ಗಲಾಟೆ, ರಾಡಿ, ಗೋಜಲು ಅನ್ನೋ ಅರ್ಥ ಬಂತು, ಆ ಕಸೀನೊದಿಂದ್ಲೇ ನಮ್ಮ ‘ಇಂಕಸಿನಾತೊ’. ಸೆನೆಟರ್ ಲೀನಾ ಮೆರ್ಲಿನ್ ಪಟ್ಟು ಹಿಡಿದು ತಂದ ಕಾನೂನಿಂದ 1958ರಲ್ಲಿ ಲೈಸೆನ್ಸ್ ಇದ್ದ ಆ ಮನೆಗಳಿಗೆಲ್ಲ ಬೀಗ ಬಿತ್ತು, ಪದಕ್ಕೆ ಮಾತ್ರ ಯಾರೂ ಬೀಗ ಹಾಕೋಕಾಗ್ಲಿಲ್ಲ. ಹುಷಾರು, ಗೋವಾದಲ್ಲಿ ನಮ್ಮೋರು ದುಡ್ಡು ಕಳ್ಕೊಳ್ತಾರಲ್ಲ ಆ ಥರದ ಜಾಗಕ್ಕೆ ಇಟಾಲಿಯನ್‌ನಲ್ಲಿ ಒತ್ತು ಕೊನೇಲಿ, ‘ಕಸಿನೋ’. ನಡುವೆ ಎಳೆದು ‘ನಿನ್ನೆ ಕಸೀನೊಗೆ ಹೋಗಿದ್ದೆ’ ಅಂದ್ರೆ ಮುಗೀತು ಕಥೆ.

ಇನ್ನು ಬಾಲ. ಗಂಡು ಪದಕ್ಕೆ ಇಂಕಸಿನಾತೊ, ಹೆಣ್ಣು ಪದಕ್ಕೆ ಇಂಕಸಿನಾತಾ, ಬಹುವಚನ ಆದ್ರೆ ಇಂಕಸಿನಾತಿ, ಇಂಕಸಿನಾತೆ. ‘ಕಾಮೆರಾ ಇಂಕಸಿನಾತಾ’ ಅಂದ್ರೆ ನಿಮ್ಮ ಕ್ಯಾಮೆರಾ ಕೆಟ್ಟಿಲ್ಲ, ಅಲ್ಲಿ ಕಾಮೆರಾ ಅಂದ್ರೆ ರೂಮು!

ಎಲ್ರೂ ಎಡವೋದು ಮನುಷ್ಯರ ವಿಷಯಕ್ಕೆ ಬಂದಾಗ. ‘ಸೊನೊ ಇಂಕಸಿನಾತೊ’ ಅಂದ್ರೆ ನಾನು ಗಲೀಜು ಅಂತಲ್ಲ, ತಲೆ ಮೇಲೆ ಕೆಲಸ ಬಿದ್ದಿದೆ ಮಾರಾಯ, ಸದ್ಯಕ್ಕೆ ಬಿಡು ಅಂತ. ಬಟ್ಟೆ ಎಲ್ಲೆಂದರಲ್ಲಿ ಎಸೆಯೋನಿಗೆ ಆ ಪುಸ್ತಕದ ದಿಸೊರ್ದಿನಾತೊನೇ ಸರಿ, ಕೈ ಹಾಕಿದ್ದನ್ನೆಲ್ಲ ಎಡವಟ್ಟು ಮಾಡೋನು ‘ಕಸಿನೀಸ್ತಾ’. ಒಂದು ಕೆಲಸಾನ ಕೆಡಿಸಿ ಚಿತ್ರಾನ್ನ ಮಾಡಿದ್ರೆ ಅದಕ್ಕೆ ‘ಇಂಕಸಿನಾರೆ’ ಅನ್ನೋ ಕ್ರಿಯಾಪದ ಇದೆ. ನಂಗೆ ಭಾರಿ ಖುಷಿ ಕೊಟ್ಟಿದ್ದು ‘ಉನ್ ಕಸೀನೊ’, ನಮ್ಮ ಸಿಕ್ಕಾಪಟ್ಟೆ ಇದ್ದ ಹಾಗೇ. ‘ಮಿ ಪ್ಯಾಚೆ ಉನ್ ಕಸೀನೊ’ ಅಂದ್ರೆ ನಂಗೆ ಸಿಕ್ಕಾಪಟ್ಟೆ ಇಷ್ಟ, ‘ಉನ್ ಕಸೀನೊ ದಿ ಜೆಂತೆ’ ಅಂದ್ರೆ ಸಿಕ್ಕಾಪಟ್ಟೆ ಜನ.

ಕೊನೇದು ಜಾಗ. ಫ್ರೆಂಡ್ಸ್ ಹತ್ರ, ಮನೇಲಿ, ಬಾರಲ್ಲಿ ಧಾರಾಳ, ಈಗ ಯಾರೂ ಇದನ್ನ ದೊಡ್ಡ ಬೈಗುಳ ಅಂದ್ಕೊಳ್ಳಲ್ಲ, ಆದ್ರೂ ಪ್ರೊಫೆಸರ್ ಮುಂದೆ, ಕಚೇರಿ ಕೌಂಟರಲ್ಲಿ, ಮೇಲ್‌ನಲ್ಲಿ ಬೇಡ. ಒಂದ್ಸಲ ಪೇಪರ್ಸ್ ಕೊಡೋಕೆ ಲೇಟಾಗಿ ಹೋಗಿ ‘ಸೊನೊ ಇಂಕಸಿನಾತೊ’ ಅಂತ ಹಲ್ಲು ಕಿರಿದೆ, ಕೌಂಟರಲ್ಲಿದ್ದ ಹಿರಿಯ ಮೇಡಂ ಕನ್ನಡಕದ ಮೇಲಿಂದ ನೋಡಿ ‘ಇಂಪೆನ್ಯಾತೊ’ ಅಂತ ತಿದ್ದಿದ್ರು, ಅಂದ್ರೆ ಬಿಜಿ. ನಾನು ತಲೆ ತಗ್ಗಿಸ್ಕೊಂಡು ಸಹಿ ಹಾಕ್ತಿದ್ದೆ, ಅಷ್ಟರಲ್ಲಿ ಅವರ ಪ್ರಿಂಟರ್ ನನ್ನ ಹಾಳೆನ ಅರ್ಧಕ್ಕೆ ನುಂಗಿ ನಿಂತ್ಕೊಳ್ತು, ಮೇಡಂ ಅದರ ತಲೆ ಮೇಲೆ ಒಂದು ಏಟು ಹಾಕಿ ‘ಕೆ ಕಸೀನೊ!’ ಅಂದ್ರು.